ಬರೆದ ಹಾಗೆ

ಹನ್ನೊಂದನೆಯ ಸಲವೂ ಅಣ್ಣ ಅದನ್ನು ಕೆಡಿಸಿದ.

ಕೆಡಿಸಿದ ಅಂತ ಬೇರೆ ಯಾರಿಗೂ ಅನ್ನಿಸಲಿಲ್ಲ. ಪಿಯಾನೋ ಮುಂದೆ ಕೂತ ತಂಗಿಯ ಹೊಟ್ಟೆಯುರಿಗೆ ಅದೇ ಕಾರಣ. ಗಾಜಿನಾಚೆ ಕೂತ ರೆಕಾರ್ಡಿಸ್ಟ್ ಹೆಬ್ಬೆರಳೆತ್ತಿ ತೋರಿಸಿದ. ಡ್ರಮ್ಮಿನ ಹಿಂದಿನಿಂದ ಸಿಡಿಲು "ಆಹಾ" ಅಂದ. ಸಿಡಿಲು ಅಂದರೆ ಡ್ರಮ್ಮರ್. ಅಷ್ಟು ಮೆತ್ತಗೆ ಬಾರಿಸುವವನು ಊರಲ್ಲೇ ಇನ್ನೊಬ್ಬನಿಲ್ಲವೆಂದು ಗೆಳೆಯರು ತಮಾಷೆಗೆ ಇಟ್ಟ ಹೆಸರು. ಅವನ ಪಕ್ಕದಲ್ಲಿ, ತನ್ನಷ್ಟೇ ಎತ್ತರದ ತಂತಿವಾದ್ಯ ಬೇಸನ್ನು ತಬ್ಬಿಕೊಂಡು ನಿಂತಿದ್ದ ಕಂಬ ಏನೂ ಅನ್ನಲಿಲ್ಲ. ಅವನು ಯಾವತ್ತೂ ಏನೂ ಅನ್ನುವುದಿಲ್ಲ, ಅದಕ್ಕೇ ಅವನು ಕಂಬ.

ಅಣ್ಣ ಸ್ಯಾಕ್ಸಫೋನನ್ನು ಬಾಯಿಂದ ತೆಗೆದು ತುಟಿ ಒರೆಸಿಕೊಂಡ. "ಹೇಗಿತ್ತು ಟೀಚರ್?"

ಅವಳು ಇಪ್ಪತ್ತಾರು ವರ್ಷದಿಂದ ಶಾಲೆಯೊಂದರಲ್ಲಿ ಪಿಯಾನೋ ಕಲಿಸುತ್ತಿದ್ದಳು. ಹಾಗಾಗಿ ಈ ಗುಂಪಿನಲ್ಲಿ ಎಲ್ಲರಿಗೂ ಟೀಚರ್. ಒಡಹುಟ್ಟಿದ ಅಣ್ಣನಿಗೂ ಟೀಚರ್.

"ಚೆನ್ನಾಗಿತ್ತು," ಎಂದಳು. "ಆದ್ರೆ ನಾನು ಬರೆದದ್ದು ಅದಲ್ಲ."

"ಬರೆದದ್ದಕ್ಕಿಂತ ಚೆನ್ನಾಗಿತ್ತೇನೋ," ಎಂದ ಸಿಡಿಲು.

ಅವಳು ತಿರುಗಿ ನೋಡಿದ ನೋಟಕ್ಕೆ ಸಿಡಿಲು ತನ್ನ ಕೋಲುಗಳನ್ನು ಎಣಿಸುವವನಂತೆ ತಲೆ ತಗ್ಗಿಸಿದ. ಎರಡೇ ಇದ್ದವು.

ವಿಷಯ ಇಷ್ಟೆ. ಜಾಝ್‌ನಲ್ಲಿ ಮೊದಲು ಟ್ಯೂನನ್ನು ಇದ್ದ ಹಾಗೆ ಒಪ್ಪಿಸಬೇಕು. ಆಮೇಲೆ ಒಬ್ಬೊಬ್ಬರಾಗಿ ಮನಸ್ಸು ಕರೆದ ಕಡೆ ಹೋಗಬಹುದು. ಕೊನೆಗೆ ಎಲ್ಲರೂ ಸೇರಿ ಮತ್ತೆ ಟ್ಯೂನಿಗೆ ಮರಳಬೇಕು. ಮನಸ್ಸು ಕರೆದ ಕಡೆ ಹೋಗುವುದರಲ್ಲಿ ಅಣ್ಣನನ್ನು ಮೀರಿಸುವವರಿರಲಿಲ್ಲ, ಅದನ್ನು ಅವಳೂ ಒಪ್ಪುತ್ತಿದ್ದಳು. ಆದರೆ ಆ ಮಹಾಶಯ ಮನೆ ಬಿಡುವ ಮೊದಲೇ ದಾರಿ ತಪ್ಪುತ್ತಿದ್ದ. ಮೊದಲ ಎರಡು ಸ್ವರ ಸರಿಯಾಗಿ ಹಿಡಿಯುತ್ತಿದ್ದ, ಮೂರನೆಯದಕ್ಕೆ ಎಲ್ಲಿಗೋ ಹೊರಟುಬಿಡುತ್ತಿದ್ದ. ಕೇಳಿದರೆ ಪ್ರತಿ ಸಲವೂ ಅದೇ ಮಾತು: "ಏನ್ಮಾಡ್ಲಿ, ಫೀಲಿಂಗ್ ಬಂತು, ಹಾಗೇ ಹೋಯ್ತು."

ಈ ಫೀಲಿಂಗ್ ಅವನಿಗೆ ನಲವತ್ತು ವರ್ಷದಿಂದ ಬರುತ್ತಿತ್ತು. ಅವಳು ಹನ್ನೆರಡು ವರ್ಷದವಳಿದ್ದಾಗ ಬರೆದ ಮೊದಲ ಟ್ಯೂನಿನಿಂದ ಹಿಡಿದು ಇವತ್ತಿನವರೆಗೆ, ಅವಳು ಬರೆದದ್ದೆಲ್ಲ ಅಣ್ಣನ ಸ್ಯಾಕ್ಸಫೋನಿನೊಳಗೆ ಹೋಗಿ ಅಣ್ಣನದಾಗಿ ಹೊರಗೆ ಬರುತ್ತಿತ್ತು. ಹೋಟೆಲಿನ ಹಾಲ್‌ಗಳಲ್ಲಿ, ಮದುವೆಯ ಪಾರ್ಟಿಗಳಲ್ಲಿ, ಕ್ಲಬ್ಬುಗಳಲ್ಲಿ ಜನ ಎದ್ದು ಬಂದು ಅಣ್ಣನ ಕೈ ಕುಲುಕಿ "ಎಂಥಾ ಟ್ಯೂನ್ ಸಾರ್ ನಿಮ್ಮದು" ಅನ್ನುತ್ತಿದ್ದರು. ಅವನೇನೂ ಕೆಟ್ಟವನಲ್ಲ. "ತಂಗಿದು, ತಂಗಿದು" ಎಂದು ಅವಳ ಕಡೆ ಕೈ ತೋರಿಸುತ್ತಿದ್ದ. ಅವರು ಪಿಯಾನೋ ಕಡೆ ಒಮ್ಮೆ ನೋಡಿ, ಇವರ ವಿನಯ ನೋಡಿ ಎಂಬಂತೆ ನಕ್ಕು, ಅವನ ಕೈಯನ್ನೇ ಇನ್ನೊಮ್ಮೆ ಕುಲುಕುತ್ತಿದ್ದರು. ಒಮ್ಮೆ ರೇಡಿಯೋದಲ್ಲಿ ಅವಳ ಟ್ಯೂನೊಂದು ಬಂತು. ಅಣ್ಣನ ಹೆಸರು ಹೇಳಿದರು. ನಿಜ ಹೇಳಬೇಕೆಂದರೆ ಆವತ್ತು ಅವಳಿಗೇ ಅದು ತನ್ನದೆಂದು ಗುರುತು ಹತ್ತಲು ಅರ್ಧ ನಿಮಿಷ ಹಿಡಿದಿತ್ತು.

ಅದಕ್ಕೇ ಈ ಆಲ್ಬಮ್. ಎಂಟು ಟ್ಯೂನ್, ಎಂಟೂ ಅವಳದು, ಕವರಿನ ಮೇಲೆ ಅವಳ ಹೆಸರು. ಮತ್ತೆ ಹಟಕ್ಕೆ ಬಿದ್ದು ಇಟ್ಟುಕೊಂಡ ಆಸೆ ಒಂದೇ ಒಂದು. ಬರೆದದ್ದು ಒಮ್ಮೆಯಾದರೂ, ಒಂದೇ ಒಂದು ಸಲ, ಬರೆದ ಹಾಗೆ ಕೇಳಿಸಬೇಕು. ಐವತ್ತೆರಡು ವರ್ಷಕ್ಕೆ ಇದೇನು ದೊಡ್ಡ ದುರಾಸೆಯೇ?

ಎರಡು ವರ್ಷ ಕೂತು ಬರೆದಿದ್ದಳು. ಅಮ್ಮನಿಗೆ ಕಾಯಿಲೆಯಾದ ಮೇಲೆ ಮನೆಯಲ್ಲಿ ಸದ್ದು ಮಾಡುವಂತಿರಲಿಲ್ಲ. ಹಳೇ ಪಿಯಾನೋಗೆ ಬಟ್ಟೆ ಹೊದಿಸಿ, ಹೆಡ್‌ಫೋನ್ ಹಾಕಿಕೊಳ್ಳುವ ಎಲೆಕ್ಟ್ರಿಕ್ ಪಿಯಾನೋ ತಂದಿಟ್ಟುಕೊಂಡಳು. ಹೊರಗಿನವರಿಗೆ ಕೇಳಿಸುತ್ತಿದ್ದದ್ದು ಬೆರಳೊತ್ತುವ ಮಣೆಗಳ ಟಕಟಕ ಮಾತ್ರ. "ಏನೇ ಅದು, ಟೈಪಿಂಗ್ ಕೆಲಸ ಹಿಡಿದ್ಯಾ?" ಎಂದು ಅಮ್ಮ ಮಂಚದ ಮೇಲಿಂದ ಕೇಳುತ್ತಿದ್ದಳು. ಪಕ್ಕದ ಕೋಣೆಯಲ್ಲೇ ಅಣ್ಣ ಅತ್ತಿಗೆ. ಮೊದಲೆಲ್ಲ ಅವಳು ಪಿಯಾನೋ ಮುಂದೆ ಕೂತರೆ ಸಾಕು, ಆಚೆ ಕಡೆಯಿಂದ ಅಣ್ಣ ಗೋಡೆ ಕುಟ್ಟಿ "ಅದನ್ನ ಇನ್ನೊಂದ್ಸಲ ಬಾರ್ಸೇ" ಅನ್ನುತ್ತಿದ್ದ. ಈ ಎರಡು ವರ್ಷ ಗೋಡೆ ಸುಮ್ಮನಿತ್ತು.

ಬರೆದದ್ದಾದ ಮೇಲೆ ಒಬ್ಬೊಬ್ಬರಿಗೂ ಅವರವರ ಹಾಳೆ ಇಳಿಸಿ ಕೊಡುವ ಕೆಲಸ. ಸ್ಯಾಕ್ಸಫೋನ್ ಒಂದು ವಕ್ರ ವಾದ್ಯ. ಪಿಯಾನೋದಲ್ಲಿ ಬರೆದ ಸ್ವರವನ್ನೇ ಅದಕ್ಕೆ ಕೊಟ್ಟರೆ ಬೇರೆಯದೇ ಸ್ವರ ಹೊರಡುತ್ತದೆ. ಆದ್ದರಿಂದ ಅಣ್ಣನ ಹಾಳೆಗಳಲ್ಲಿ ಒಂದೊಂದು ಸ್ವರವನ್ನೂ ಲೆಕ್ಕ ಹಾಕಿ ಜಾಗ ಬದಲಿಸಿ ಬರೆಯಬೇಕು. ನಲವತ್ತು ವರ್ಷದಿಂದ ಅವಳು ಅದನ್ನು ಕೈಯಲ್ಲೇ ಬರೆದು ಕೊಡುತ್ತಿದ್ದಳು, ಒಂದು ಚಿತ್ತಿಲ್ಲದೆ, ಒಂದು ತಪ್ಪಿಲ್ಲದೆ. ಅವಳ ಹಾಳೆಯಲ್ಲಿ ತಪ್ಪು ಹುಡುಕಿದವರಿಗೆ ಊಟ ಕೊಡಿಸುತ್ತೇನೆಂದು ಸಿಡಿಲು ಎಷ್ಟೋ ಸಲ ಪಂಥ ಕಟ್ಟಿದ್ದ. ಯಾರಿಗೂ ಊಟ ಸಿಕ್ಕಿರಲಿಲ್ಲ.

ಸ್ಟುಡಿಯೋ ಸಿಕ್ಕಿದ್ದು ಮೂರು ದಿನಕ್ಕೆ, ಬೆಳಿಗ್ಗೆಯಿಂದ ಸಂಜೆ ಆರರವರೆಗೆ. ನಾಲ್ಕನೆಯ ದಿನ ಬೇರೆಯವರು ಬರುತ್ತಾರೆ, ಅವಳ ಶಾಲೆಯೂ ಶುರುವಾಗುತ್ತದೆ. ಮೊದಲೆರಡು ದಿನದಲ್ಲಿ ನಾಲ್ಕು ಟ್ಯೂನ್ ಮುಗಿದಿದ್ದವು. ಮುಗಿದವು ಅಂದರೆ, ಅವಳು ಹೇಳಿ ಹೇಳಿ ಸೋತು ಕೈಬಿಟ್ಟಿದ್ದಳು. ಆ ನಾಲ್ಕೂ ಅಣ್ಣನವೇ ಆಗಿಹೋದವು. ಇವತ್ತು ಮೂರನೆಯ ದಿನ, ಆಗಲೇ ಹನ್ನೆರಡೂವರೆ. ಎದುರಿಗಿದ್ದದ್ದು ಐದನೆಯ ಟ್ಯೂನ್. ಎಂಟರಲ್ಲಿ ಅವಳ ಜೀವ ಇದ್ದದ್ದು ಇದರಲ್ಲಿ. ಉಳಿದ ಏಳೂ ಹಾಳಾಗಲಿ, ಇದೊಂದು ನೆಟ್ಟಗೆ ಬರಲಿ ಎನ್ನುವಷ್ಟಕ್ಕೆ ಅವಳು ಇಳಿದಿದ್ದಳು.

"ಒಂದ್ಕೆಲಸ ಮಾಡು," ಎಂದ ಅಣ್ಣ. "ನೀನೇ ಒಂದ್ಸಲ ಪಿಯಾನೋದಲ್ಲಿ ಬಾರಿಸಿ ತೋರ್ಸು. ನಿನ್ನ ಮನಸ್ಸಲ್ಲಿ ಏನಿದೆ ಅಂತ ಗೊತ್ತಾಗ್ಲಿ."

ಇದೂ ಹೊಸದಲ್ಲ. ತಾಲೀಮಿನಲ್ಲಿ ಎರಡು ಸಲ ಕೇಳಿದ್ದ, ನಿನ್ನೆ ಒಂದು ಸಲ ಕೇಳಿದ್ದ. ಅವಳಿಗೆ ಅದು ಶುದ್ಧ ಕೊಬ್ಬು ಅನ್ನಿಸುತ್ತಿತ್ತು. ಮೈ ಬೆವರಿಳಿಸಿ ಬರೆದುಕೊಟ್ಟದ್ದನ್ನು ಓದುವ ವ್ಯವಧಾನವಿಲ್ಲ, ತಂಗಿ ಎದುರಿಗೆ ಕೂತು ತುತ್ತು ಮಾಡಿ ಬಾಯಿಗಿಡಬೇಕು.

"ನನ್ನ ಮನಸ್ಸಲ್ಲಿರೋದೆಲ್ಲ ಆ ಹಾಳೇಲಿದೆ," ಎಂದಳು. "ಏಳನೇ ಬಾರ್ ಸರಿಯಾಗಿ ನೋಡ್ಕೋ. ಅಲ್ಲೇ ನೀನು ಪೂರ್ತಿ ಕೈ ಬಿಡ್ತಿರೋದು."

"ಬಾರ್ ಅಂದ್ರೆ ನಂಗೆ ಗೊತ್ತಿರೋದು ಒಂದೇ," ಎಂದ ಸಿಡಿಲು. "ಈಗ ಅಲ್ಲಿಗೆ ಹೋದ್ರೂ ತಪ್ಪಿಲ್ಲ ಅನ್ಸುತ್ತೆ."

"ನೋಡ್ತಾನೇ ಇದ್ದೀನಲ್ಲಮ್ಮಾ," ಎಂದ ಅಣ್ಣ, ಸ್ಟ್ಯಾಂಡಿನ ಮೇಲಿನ ಹಾಳೆಯನ್ನು ಕಣ್ಣು ಕಿರಿದು ಮಾಡಿ ನೋಡುತ್ತ. "ಏಳನೇ ಬಾರ್. ಹೂಂ. ಗೊತ್ತಾಯ್ತು."

ಹನ್ನೆರಡನೆಯ ಸಲ. ಏಳನೇ ಬಾರ್, ಅಂದರೆ ಹಾಳೆಯಲ್ಲಿ ಗೀಟೆಳೆದು ಭಾಗ ಮಾಡಿದ ಟ್ಯೂನಿನ ಏಳನೆಯ ತುಂಡು, ಬಂತು. ಅಣ್ಣ ಅಲ್ಲಿ ಮೇಲಕ್ಕೆ ಹಾರಿದ, ಅಲ್ಲೇ ಒಂದು ಸುತ್ತು ಹೊಡೆದ, ಬಹಳ ಸುಂದರವಾಗಿ ಕೆಳಗಿಳಿದ. ಅವಳು ಎರಡೂ ಅಂಗೈಗಳನ್ನು ಮಣೆಗಳ ಮೇಲೆ ಧಡ್ಡೆಂದು ಹಾಕಿದಳು. ಎಲ್ಲರ ಹೆಡ್‌ಫೋನಿನಲ್ಲೂ ಅದು ಗುಡುಗಿತು. ಕಂಬ ಕೂಡ ಬೆಚ್ಚಿದ.

ಅವಳು ಎದ್ದಳು. ಕಿವಿಗೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ತೆಗೆದು ನೇರ ಅಣ್ಣನ ಸ್ಟ್ಯಾಂಡಿನ ಹತ್ತಿರ ನಡೆದಳು. ಆ ಏಳನೇ ಬಾರ್‌ನ ಸುತ್ತ ದೊಡ್ಡದಾಗಿ, ಚಿಕ್ಕ ಮಕ್ಕಳ ಪುಸ್ತಕದಲ್ಲಿ ಹಾಕುವ ಹಾಗೆ, ಒಂದು ಸುತ್ತು ಹಾಕಿಯೇಬಿಡುವುದೆಂದು ಪೆನ್ಸಿಲ್ ಊರಿದಳು. ಊರಿದ ಪೆನ್ಸಿಲ್ ಅಲ್ಲೇ ನಿಂತಿತು.

ಅದು ಸ್ಯಾಕ್ಸಫೋನಿನ ಹಾಳೆಯಾಗಿರಲಿಲ್ಲ. ಬೇಸಿನ ಹಾಳೆ. ಸಾಲಿನ ಮೊದಲಲ್ಲಿ ಇರಬೇಕಾದ ಗುರುತೇ ಬೇರೆ, ಕೆಳಗಿನ ಸ್ವರಗಳೇ ಬೇರೆ. ಇಡೀ ಹಾಳೆಯಲ್ಲಿ ಅಣ್ಣನಿಗೆ ಸಂಬಂಧಪಟ್ಟ ಒಂದು ಚುಕ್ಕೆಯೂ ಇಲ್ಲ. ಬೆಳಿಗ್ಗೆ ಹಾಳೆ ಹಂಚುವಾಗ ಅವಳೇ ಅದಲುಬದಲು ಮಾಡಿದ್ದಳು. ಕಂಬನಿಗೆ ಗೊತ್ತಾಗಿರಲಿಲ್ಲ, ಯಾಕೆಂದರೆ ಅವನು ತಾಲೀಮಿನಲ್ಲೇ ಎಲ್ಲ ಬಾಯಿಪಾಠ ಮಾಡಿ ಫೈಲನ್ನೇ ತೆರೆದಿರಲಿಲ್ಲ. ಆದರೆ ಅಣ್ಣ? ಅಣ್ಣ ಬೆಳಿಗ್ಗೆ ಒಂಬತ್ತೂವರೆಯಿಂದ ಈ ಹಾಳೆಯನ್ನು ನೋಡುತ್ತಿದ್ದ. ಕಣ್ಣು ಕಿರಿದು ಮಾಡಿ. ಹೂಂಗುಟ್ಟಿ. ಗೊತ್ತಾಯ್ತು ಎಂದು ಹೇಳಿ.

ಸಂಗೀತ ಓದಲು ಬರುವ ಯಾವ ಮನುಷ್ಯನೂ ಮೂರು ಗಂಟೆ ಹೊತ್ತು ಇದನ್ನು ಗಮನಿಸದೆ ಇರುವುದು ಸಾಧ್ಯವಿರಲಿಲ್ಲ.

ಅವಳು ತಲೆಯೆತ್ತಿದಳು. ಅಣ್ಣ ಅವಳ ಮುಖವನ್ನು ನೋಡುತ್ತಿದ್ದ. ಏನೋ ಆಗಿದೆಯೆಂದು ಅವನಿಗೆ ತಿಳಿದಿತ್ತು, ಏನೆಂದು ತಿಳಿದಿರಲಿಲ್ಲ. ಅದೇ ಅವಳ ಅನುಮಾನಕ್ಕೆ ಸಾಕ್ಷಿಯಾಯಿತು. ಇಬ್ಬರ ನಡುವೆ ಒಂದು ಮೈಕು ಇತ್ತು. ಇಲ್ಲಿ ಪಿಸುಗುಟ್ಟಿದರೂ ಸಿಡಿಲಿನ ಕಿವಿಗೆ, ಕಂಬನ ಕಿವಿಗೆ, ಗಾಜಿನಾಚೆಯ ಕಿವಿಗೆ ಹೋಗುತ್ತಿತ್ತು.

"ಎಲ್ಲರೂ ಹೋಗಿ ಚಹಾ ಕುಡಿದು ಬನ್ನಿ," ಎಂದಳು. "ಮೈಕ್ ಆಫ್ ಮಾಡಿ."

"ಊಟದ ಹೊತ್ತಲ್ವಾ..." ಎಂದು ಶುರುಮಾಡಿದ ಸಿಡಿಲನ್ನು ಕಂಬ ಹೆಗಲು ಹಿಡಿದು ಹೊರಗೆ ನಡೆಸಿದ. ರೆಕಾರ್ಡಿಸ್ಟೂ ಕುರ್ಚಿ ಬಿಟ್ಟೆದ್ದ. ದಪ್ಪ ಬಾಗಿಲು ಮುಚ್ಚಿಕೊಂಡಿತು.

ಅವಳು ಹಾಳೆಯನ್ನು ಎತ್ತಿ ಅಣ್ಣನ ಮೂಗಿನ ಮುಂದೆ ಹಿಡಿದಳು. "ಇದರಲ್ಲಿ ಮೊದಲನೇ ಸ್ವರ ಯಾವುದು?"

"ಬರ್ದೋಳು ನೀನು, ನನ್ನ ಕೇಳ್ತೀಯಲ್ಲ."

"ಅಣ್ಣಾ. ಯಾವುದು?"

ಅಣ್ಣ ಹಾಳೆ ನೋಡಿದ, ಬಾಗಿಲು ನೋಡಿದ, ಕೊರಳಲ್ಲಿ ನೇತಾಡುತ್ತಿದ್ದ ಸ್ಯಾಕ್ಸಫೋನ್ ನೋಡಿದ. ಅರವತ್ತಕ್ಕೆ ಎರಡು ವರ್ಷ ಕಮ್ಮಿಯಾದ ಗಂಡಸು, ಪಾಠ ಒಪ್ಪಿಸಲು ಬಾರದ ಹುಡುಗನ ಹಾಗೆ ಕಾಲು ಬದಲಿಸಿ ನಿಂತ.

"ಓದಕ್ಕೆ ಬರಲ್ಲ ಕಣೆ," ಎಂದ.

"ಇದೊಂದಾ?"

"ಯಾವುದೂ."

ಅಯ್ಯೋ ಪಾಪ ಅನ್ನಬೇಕಾದ ಜಾಗ ಇದು ಎಂದು ಅವಳಿಗೂ ಗೊತ್ತಿತ್ತು. ಬರಲಿಲ್ಲ. ಬಂದದ್ದು ಬೆನ್ನುಮೂಳೆಯಿಂದ ನೆತ್ತಿಗೇರುವ ಸಿಟ್ಟು. ನಲವತ್ತು ವರ್ಷ! ಪರೀಕ್ಷೆಯ ಹಿಂದಿನ ದಿನ ಓದು ಬಿಟ್ಟು ಅವನಿಗೆ ಹಾಳೆ ಬರೆದಿದ್ದಳು. ಜ್ವರದಲ್ಲಿ ಬರೆದಿದ್ದಳು. ತನ್ನ ಮದುವೆ ಮುರಿದು ತವರಿಗೆ ಬಂದ ವಾರ, ಬೇರೇನೂ ತೋಚದೆ, ಮೂವತ್ತು ಹಾಳೆ ಬರೆದಿದ್ದಳು. ಒಂದೊಂದು ಸ್ವರವನ್ನೂ ಲೆಕ್ಕ ಹಾಕಿ, ಜಾಗ ಬದಲಿಸಿ. ಯಾರಿಗಾಗಿ?

"ಮತ್ತೆ ಇಷ್ಟು ವರ್ಷ ಹೇಗೆ ನುಡಿಸ್ದೆ?"

"ಕೇಳಿ. ನೀನು ಬಾರಿಸ್ತಿದ್ಯಲ್ಲ, ಗೋಡೆ ಆಚೆ. ಎರಡು ಸಲ ಕೇಳಿದ್ರೆ ಬಂದ್ಬಿಡೋದು. ಮರೆತ ಕಡೆ ಏನೋ ಒಂದು ಮಾಡ್ತಿದ್ದೆ. ಈ ಎಂಟು ಮಾತ್ರ ಕೇಳ್ಲೇ ಇಲ್ಲ, ತಾಲೀಮಲ್ಲಿ ನೀನು ಹಿಂದೆ ಬಾರಿಸೋ ಜೊತೆಸ್ವರ ಹಿಡ್ಕೊಂಡೇ ಶುರು ಮಾಡ್ದೆ."

ಫೀಲಿಂಗ್ ಬಂತು, ಹಾಗೇ ಹೋಯ್ತು.

"ಮೊದಲೇ ಹೇಳಕ್ಕೇನಾಗಿತ್ತು? ನಾನು ತಾನೆ ಟೀಚರ್? ಆರು ವರ್ಷದ ಮಕ್ಕಳಿಗೆ ಕಲಿಸ್ತೀನಿ, ನಿಂಗೆ ಕಲಿಸ್ತಿರಲಿಲ್ವಾ?"

"ಮೊದಲ್ನೇ ಸಲ ನೀನು ಹಾಳೆ ತಂದುಕೊಟ್ಟಾಗ ನಿಂಗೆ ಹನ್ನೆರಡು. ನಂಗೆ ಹದಿನೆಂಟು. ಅಣ್ಣ, ಓದ್ತೀಯಾ ಅಂದೆ. ಓದ್ತೀನಿ ಅಂದೆ." ಅಣ್ಣ ನೆಲ ನೋಡಿದ. "ಅವತ್ತು ಹೇಳದೇ ಇದ್ದದ್ದನ್ನ ಆಮೇಲೆ ಯಾವತ್ತು ಹೇಳೋದು? ಹಾಳೆಗಳನ್ನೆಲ್ಲ ಇಟ್ಟಿದ್ದೀನಿ, ಒಂದೂ ಬಿಸಾಕಿಲ್ಲ."

"ಇಟ್ಕೊಂಡು ಏನು ಮಾಡ್ದೆ?"

"ಏನಿಲ್ಲ. ಚೆನ್ನಾಗಿ ಬರೀತೀಯ."

ಅವಳಿಗೆ ಕೈಯಲ್ಲಿದ್ದ ಹಾಳೆಯನ್ನು ಚೂರು ಚೂರು ಮಾಡಿ ಅವನ ತಲೆಯ ಮೇಲೆ ಸುರಿಯಬೇಕೆನ್ನಿಸಿತು. ಅದರ ಹಿಂದೆಯೇ, ಇನ್ನೂ ಕೆಟ್ಟದ್ದೊಂದು ಹೊಳೆಯಿತು: ತಾಲೀಮಿನಲ್ಲಿ ಎರಡು ಸಲ, ನಿನ್ನೆ ಒಂದು ಸಲ, ಇವತ್ತು ಒಂದು ಸಲ, ಬಾರಿಸಿ ತೋರಿಸು ಎಂದು ಅವನು ಬೇಡಿದ್ದ. ಒಂದೇ ಒಂದು ಸಲ ಬಾರಿಸಿದ್ದರೆ ಸಾಕಿತ್ತು. ಎಂಟೂ ಅವಳದೇ ಆಗುತ್ತಿದ್ದವು. ಹಾಳೇಲಿದೆ, ಹಾಳೇಲಿದೆ ಎಂದು ಜಂಬ ಮಾಡಿ ನಾಲ್ಕನ್ನು ಅವಳೇ ಕೈಯಾರೆ ಕಳೆದುಕೊಂಡಿದ್ದಳು. ಈ ಸಿಟ್ಟನ್ನು ಯಾರ ಮೇಲೆ ಹಾಕುವುದೆಂದು ಗೊತ್ತಾಗದೆ ಅವಳು ಹಾಳೆಯನ್ನು ಸ್ಟ್ಯಾಂಡಿಗೇ ಬಿಸಾಕಿ, ಪಿಯಾನೋದ ಸ್ಟೂಲನ್ನು ಕಾಲಿಂದ ಎಳೆದು ಕೂತಳು.

"ಬಾ ಇಲ್ಲಿ. ಕೇಳು. ಒಂದೇ ಸಲ ಬಾರಿಸ್ತೀನಿ, ಅವರು ಬರೋದ್ರೊಳಗೆ."

"ಅವರಿಗೆ ಹೇಳ್ಬೇಡ," ಎಂದ ಅಣ್ಣ.

ಅವಳು ಬಲಗೈಯಲ್ಲಿ ಟ್ಯೂನು ಎತ್ತಿಕೊಂಡಳು. ಎರಡು ವರ್ಷ ಅವಳ ಕಿವಿಯೊಳಗೆ ಮಾತ್ರ ಇದ್ದದ್ದು ಈಗ ಕೋಣೆಗೆ ಬಂತು. ಅಣ್ಣ ಪಿಯಾನೋದ ಪಕ್ಕಕ್ಕೆ ಅಂಗೈ ಊರಿ, ಕಣ್ಣು ಮುಚ್ಚಿ, ತುಟಿ ಕದಲಿಸದೆ ಕೇಳಿದ. ಅವನು ಹೀಗೆ ಕೇಳುವುದನ್ನು ಅವಳು ಯಾವತ್ತೂ ನೋಡಿರಲಿಲ್ಲ, ನಡುವೆ ಗೋಡೆಯಿತ್ತಲ್ಲ. ಅದನ್ನೇ ನೋಡುತ್ತಿದ್ದವಳಿಗೆ ಏಳನೇ ಬಾರ್‌ನಲ್ಲಿ ಬೆರಳು ಜಾರಿತು. ಒಂದು ಸ್ವರ ಪಕ್ಕದ ಮಣೆಗೆ ಬಿತ್ತು. ನಿಲ್ಲಿಸಲಿಲ್ಲ, ಮುಂದಕ್ಕೆ ಹೋದಳು. ಮುಗಿಸಿದಳು. ಅಲ್ಲಿ ಜಾರಿತು ನೋಡು ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ತೆರೆಯಿತು.

"ಚಹಾ ಅಲ್ಲ ಅದು, ಬಿಸಿನೀರು," ಎಂದುಕೊಂಡು ಸಿಡಿಲು ಒಳಗೆ ಬಂದ. ಕಂಬ ಬಂದ. ಗಾಜಿನಾಚೆ ದೀಪ ಕೆಂಪಾಯಿತು.

ಹದಿಮೂರನೆಯ ಸಲ.

ಅಣ್ಣ ನುಡಿಸಿದ. ಮೊದಲ ಸ್ವರ, ಎರಡನೆಯದು, ಮೂರನೆಯದು. ಎಲ್ಲಿಗೂ ಹೊರಡಲಿಲ್ಲ. ಅವಳು ಎಲ್ಲಿ ಉಸಿರು ಬಿಡಬೇಕೆಂದುಕೊಂಡಿದ್ದಳೋ ಅಲ್ಲೇ ಉಸಿರು ಬಿಟ್ಟ. ಅವಳ ಕೈಗಳು ತಮ್ಮ ಪಾಡಿಗೆ ಜೊತೆಗೆ ನಡೆದವು. ಇದು ನಂದು, ಎಂದುಕೊಂಡಳು, ಇದು ನಾನು ಬರೆದದ್ದು. ಐದನೇ ಬಾರ್, ಆರನೆಯದು. ಏಳನೆಯದರಲ್ಲಿ ಅಣ್ಣ ಅವಳ ಜಾರಿದ ಬೆರಳನ್ನು ನುಡಿಸಿದ. ಅದೇ ಸ್ವರ, ಅದೇ ತಡವರಿಕೆ, ಕೂದಲೆಳೆಯಷ್ಟೂ ಆಚೀಚೆಯಿಲ್ಲದೆ. ಕೊನೆಯಲ್ಲಿ ಟ್ಯೂನಿಗೆ ಮರಳಿದಾಗ ಇನ್ನೊಂದು ಸಲ ನುಡಿಸಿದ.

ದೀಪ ಆರಿತು. ಹೆಡ್‌ಫೋನಿನಲ್ಲಿ ರೆಕಾರ್ಡಿಸ್ಟನ ದನಿ ಬಂತು. ಅವನ ಮುಂದೆಯೂ ಅವಳದೇ ಕೈಬರಹದ ಒಂದು ಪ್ರತಿಯಿತ್ತು.

"ಟೀಚರ್, ಸೂಪರ್. ಪೂರ್ತಿ ಹಾಳೇಲಿದ್ದ ಹಾಗೇ ಬಂತು. ಏಳನೇ ಬಾರ್‌ನಲ್ಲಿ ಮಾತ್ರ ಒಂದು ಸ್ವರ ಬೇರೆ ಬಿತ್ತು, ಎರಡು ಸಲಾನೂ. ಅದೊಂದು ಸರಿ ಮಾಡ್ಕೊಂಡು ಇನ್ನೊಂದ್ಸಲ ಹೋಗೋಣ್ವಾ?"

ಎಲ್ಲರೂ ಅಣ್ಣನನ್ನು ನೋಡಿದರು. ಅಣ್ಣ ಸ್ಟ್ಯಾಂಡಿನ ಮೇಲಿನ ಬೇಸಿನ ಹಾಳೆಯನ್ನು ನೋಡಿದ. ಅವನ ಕಿವಿ ಕೆಂಪಾಗುತ್ತಿತ್ತು. ಯಾವ ಸ್ವರ ಎಂದು ಅವನಿಗೆ ಗೊತ್ತಿರಲಿಲ್ಲ. ಅವಳು ಬಾರಿಸಿ ತೋರಿಸದೆ ಗೊತ್ತಾಗುವಂತೆಯೂ ಇರಲಿಲ್ಲ, ಇಲ್ಲಿ, ಇಷ್ಟು ಜನರ ಮುಂದೆ.

"ಅದು... ಫೀಲಿಂಗ್..." ಎಂದು ಶುರುಮಾಡಿದ. ಮುಂದಕ್ಕೆ ಹೋಗಲಾಗಲಿಲ್ಲ.

ಒಂದು ಸ್ವರ. ಇನ್ನೊಂದು ಸಲ ನುಡಿಸಿದರೆ ಸಾಕು, ನಲವತ್ತು ವರ್ಷದಲ್ಲಿ ಒಮ್ಮೆ, ಬರೆದ ಹಾಗೆ. ಅವಳಿಗೆ ಆ ಜಾರಿದ ಸ್ವರ ಆಗಲೇ ಹಲ್ಲಿನ ಸಂದಿಯ ನಾರಿನಂತೆ ಕಾಡತೊಡಗಿತ್ತು, ಸಾಯುವವರೆಗೂ ಕಾಡುತ್ತದೆಂದೂ ಗೊತ್ತಿತ್ತು.

"ಬೇಡ," ಎಂದಳು. "ಅವನು ನುಡಿಸಿದ್ದೇ ಸರಿ. ನಾನೇ ಹಾಳೇಲಿ ತಪ್ಪು ಬರೆದಿದ್ದೆ."

ಸಿಡಿಲು ಕೋಲುಗಳನ್ನು ಮೇಲಕ್ಕೆಸೆದು ಕೂಗಿದ: "ಟೀಚರ್ ತಪ್ಪು ಬರೆದ್ರು! ಕಂಬಾ, ಕೇಳಿಸ್ತಾ? ನಲವತ್ತು ವರ್ಷಕ್ಕೆ ಒಂದು ತಪ್ಪು! ಇವತ್ತು ಎಲ್ಲರಿಗೂ ಊಟ ನಂದು!"

ಕಂಬ ನಕ್ಕ. ಗಾಜಿನಾಚೆ ರೆಕಾರ್ಡಿಸ್ಟ್ ನಕ್ಕ. ಎಲ್ಲರಿಗಿಂತ ಜೋರಾಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕವನು ಅಣ್ಣ. ಎದ್ದು ಹೋಗಿ ಅವನ ಕೆನ್ನೆಗೆ ಒಂದು ಬಾರಿಸಬೇಕೆಂದು ಅವಳಿಗೆ ಎಷ್ಟು ಬಲವಾಗಿ ಅನ್ನಿಸಿತೆಂದರೆ, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು.

"ಆರನೇ ಟ್ಯೂನ್," ಎಂದಳು, ನಗು ತಗ್ಗಿದ ಮೇಲೆ. "ಅಣ್ಣ ಇರ್ಲಿ. ಮಿಕ್ಕವರೆಲ್ಲ ಹೋಗಿ ಚಹಾ ಕುಡಿದು ಬನ್ನಿ."

"ಈಗ ತಾನೆ ಕುಡಿದ್ವಲ್ಲ!"

"ಇನ್ನೊಂದ್ಸಲ ಕುಡೀರಿ."